ಹೊಳೆಬಾಗಿಲಲ್ಲಿ ನಿಂತ ಲಾಂಚ್

ನಮ್ಮ ಕಡೆ ನೀರು ಗಾಲಿಯ ಮೇಲೆ ಬರುತ್ತದೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರಿನ ಹಾರ್ನ್ ಕೇಳಿದ ಕೂಡಲೇ ಓಣಿಯ ಹೆಣ್ಣುಮಕ್ಕಳು ಕೊಡ, ಬಕೀಟು, ನೀಲಿ ಡ್ರಮ್ಮು ಹಿಡಿದು ಓಡುವುದನ್ನು ನೋಡುತ್ತಲೇ ಬೆಳೆದವನು ನಾನು. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೋರ ನದಿ ಅಂತ ಒಂದಿದೆ, ಮಳೆಗಾಲದಲ್ಲಿ ನಾಲ್ಕು ದಿನ ಹರಿದು ಮಿಕ್ಕ ದಿನ ಮರಳಾಗಿ ಮಲಗಿರುತ್ತದೆ. ಅಂಥ ಊರಿನಿಂದ ಅವ್ವನನ್ನೂ ಓಣಿಯ ಏಳೆಂಟು ಮಂದಿಯನ್ನೂ ಕ್ರೂಸರ್‌ನಲ್ಲಿ ಕೂರಿಸಿಕೊಂಡು, ರಾತ್ರಿಯೆಲ್ಲ ಅಥಣಿ, ಹುಬ್ಬಳ್ಳಿ, ಶಿರಸಿ, ಸಿದ್ದಾಪುರ ದಾಟಿ, ಬೆಳಿಗ್ಗೆ ಸಾಗರ ಪೇಟೆಯ ಆಚೆ ಹೊಳೆಬಾಗಿಲಿನ ದಂಡೆಗೆ ಇಳಿದೆವು. ಸಿಗಂದೂರು ಚೌಡಮ್ಮನಿಗೆ ಹರಕೆ ಇತ್ತು. ಇದು ಕೆಲವು ವರ್ಷಗಳ ಹಿಂದಿನ ಮಾತು.

ಅವ್ವ ಚಪ್ಪಲಿ ಕಳಚಿ ನೀರಿನ ಅಂಚಿಗೆ ಹೋಗಿ ನಿಂತಳು. ಎದುರಿಗೆ ಎರಡು ಕಿಲೋಮೀಟರಿಗೂ ಹೆಚ್ಚು ಅಗಲವಾದ ನೀರು. ಅದರಾಚೆ ಹಸಿರು ಗುಡ್ಡ, ಗುಡ್ಡದ ಹಿಂದೆ ಮತ್ತೆ ನೀರು. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: “ಇಷ್ಟೊಂದ ನೀರು ಯಾರದೋ ಯಪ್ಪಾ?”

ನನಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿ ಅಕ್ಕಿ ಚೀಲ, ಹಿಂಡಿ ಚೀಲ ಇಟ್ಟುಕೊಂಡು ಲಾಂಚಿಗೆ ಕಾಯುತ್ತಿದ್ದ ತುಮರಿ ಕಡೆಯ ಅಜ್ಜರೊಬ್ಬರು ನಕ್ಕು ಹೇಳಿದರು: “ನೀರು ಕರೆಂಟಿನವರದ್ದು ಅಮ್ಮ. ಅಡಿಗಿರೋ ಗದ್ದೆ ನಮ್ಮದು.”

ಆ ಒಂದು ಮಾತಿನಿಂದ ನನಗೆ ಆ ಲಾಂಚು ಬರೀ ಹರಕೆಯ ದಾರಿಯಾಗಿ ಉಳಿಯಲಿಲ್ಲ. ಇದು ಯಾಕೆ ಇಲ್ಲಿ ಓಡುತ್ತಿದೆ, ಯಾರಿಗಾಗಿ ಓಡುತ್ತಿದೆ ಎಂದು ಕೇಳುತ್ತಾ ಹೋದೆ. ಕೇಳಿದ್ದು, ನೋಡಿದ್ದು, ಆಮೇಲೆ ಓದಿದ್ದು ಸೇರಿ ಈ ಬರಹ.

ಅವ್ವ ಕೇಳಿದ ಆ ನೀರು ಶರಾವತಿಯದು. ಅದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಹೊಳೆ. ಉದ್ದ 128 ಕಿಲೋಮೀಟರ್ ಅಷ್ಟೆ. ನಮ್ಮ ಕೃಷ್ಣೆ, ಭೀಮೆಯರ ಮುಂದೆ ಮಗುವಿನಂಥದ್ದು. ಆದರೆ ಘಟ್ಟದ ನೆತ್ತಿಯಲ್ಲಿ ಐದಾರು ಸಾವಿರ ಮಿಲಿಮೀಟರ್ ಮಳೆ ಬೀಳುವ ಕಾಡು ಅದರ ತವರು. ಜೋಗದಲ್ಲಿ 830 ಅಡಿ ಆಳಕ್ಕೆ ಧುಮುಕುವ ಈ ನೀರಿನ ಮೇಲೆ ಮೈಸೂರು ಸಂಸ್ಥಾನದ ಕಣ್ಣು ಬಿದ್ದದ್ದು ಸಹಜವೇ. ಮೊದಲು ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ಅದರ ನೀರಿನಿಂದ ಜೋಗದ ವಿದ್ಯುದಾಗಾರ 1948ರಲ್ಲಿ ದೀಪ ಹತ್ತಿಸಿತು. ಅದು ಸಾಲದೆಂದು ಹೊಳೆಯ ಕೆಳಗೆ ಲಿಂಗನಮಕ್ಕಿಯಲ್ಲಿ ಪೌಣೆಮೂರು ಕಿಲೋಮೀಟರ್ ಉದ್ದದ ದೊಡ್ಡ ಅಣೆಕಟ್ಟು ಕಟ್ಟಿದರು. 1964ರಲ್ಲಿ ಅದು ಮುಗಿಯಿತು. 151 ಟಿಎಂಸಿ ನೀರು ಹಿಡಿಯುವ, ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲ ಮುಚ್ಚುವ ಕೆರೆ ಅದು. ಹೊಸ ಕೆರೆ ತುಂಬಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು. ಬಿರುಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದರ ಗೋಡೆ, ಎಂಜಿನಿಯರ್ ಗಣೇಶ ಅಯ್ಯರ್ ವಿನ್ಯಾಸದ ಸುರುಳಿ ಸೈಫನ್‌ಗಳ ದುಂಡು ಬಾಯಿ ಹೊರಗೆ ಕಾಣುತ್ತವೆ. ಒಂದು ಅಣೆಕಟ್ಟನ್ನೇ ನುಂಗಿದ ಅಣೆಕಟ್ಟಿಗೆ ಹಳ್ಳಿಗಳು ಯಾವ ಲೆಕ್ಕ?

ಗದ್ದೆ, ಅಡಿಕೆ ತೋಟ, ದೇವರ ಬನ, ಸಂತೆಯ ಮೈದಾನ, ಎಲ್ಲ ನೀರಿನಡಿ ಹೋದವು. ಜನರನ್ನು ಲಾರಿಗೆ ಹತ್ತಿಸಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳ ಅಂಚಿಗೆ ಇಳಿಸಿದರು. ಆ ನೆಲಕ್ಕೆ ಸರಿಯಾದ ಹಕ್ಕುಪತ್ರ ಸಿಗದೆ ಮೊಮ್ಮಕ್ಕಳ ಕಾಲದಲ್ಲೂ ಕಚೇರಿ ಅಲೆಯುವವರು ಇದ್ದಾರೆ. ಮಲೆನಾಡಿನ ಮಾತಿನಲ್ಲಿ ‘ಮುಳುಗಡೆ’ ಎಂಬುದು ಒಂದು ಘಟನೆಯ ಹೆಸರಾಗಿ ಉಳಿದಿಲ್ಲ, ಮನೆತನದ ಗುರುತಿನ ಹಾಗಾಗಿಬಿಟ್ಟಿದೆ. “ಅವರು ಮುಳುಗಡೆಯವರು” ಎಂದರೆ ಸಾಕು, ಉಳಿದದ್ದೆಲ್ಲ ಎದುರಿನವರಿಗೆ ತಿಳಿಯುತ್ತದೆ.

ಎಲ್ಲರೂ ಹೋಗಲಿಲ್ಲ. ಹೊಳೆಯ ಪಶ್ಚಿಮ ದಂಡೆಯ ಕರೂರು, ಬಾರಂಗಿ ಹೋಬಳಿಗಳಲ್ಲಿ ಎತ್ತರದಲ್ಲಿದ್ದ ಊರುಗಳು ಮುಳುಗದೆ ಉಳಿದವು. ತುಮರಿ, ಕಳಸವಳ್ಳಿ, ಸಿಗಂದೂರು ಮೊದಲಾದವು. ಆದರೆ ಅಲ್ಲಿಯ ಜನ ದಿನಬೆಳಗಾದರೆ ಹೋಗಿಬರುತ್ತಿದ್ದ ಸಾಗರ ಪೇಟೆಗೂ ಆ ಊರುಗಳಿಗೂ ನಡುವೆ ನೀರು ಬಂದು ಕೂತಿತು. ಹಿಂದೆ ಬೆನ್ನಿಗೆ ದಟ್ಟ ಕಾಡು, ಘಟ್ಟದ ಇಳಿಜಾರು. ಕೋಗಾರು, ನಾಗೋಡಿ ಕಡೆಯಿಂದ ಭಟ್ಕಳಕ್ಕೋ ಕೊಲ್ಲೂರಿಗೋ ಇಳಿಯುವ ದಾರಿಗಳಿವೆ ನಿಜ. ಆದರೆ ತಾಲ್ಲೂಕು ಕಚೇರಿ, ದೊಡ್ಡಾಸ್ಪತ್ರೆ, ಅಡಿಕೆ ಮಂಡಿ ಎಲ್ಲ ಇರುವುದು ಸಾಗರದಲ್ಲಿ. ನೆಲದ ಮೇಲೆ ಹೋಗಬೇಕೆಂದರೆ ಬಹಳ ಸುತ್ತಿ ಬಳಸಬೇಕಿತ್ತು. ಹಾಗಾಗಿ ನಕ್ಷೆಯಲ್ಲಿ ಅದು ದ್ವೀಪವಲ್ಲದಿದ್ದರೂ ಅಲ್ಲಿನವರು ತಮ್ಮ ಊರನ್ನು ದ್ವೀಪ ಎಂದೇ ಕರೆದರು, ತಮ್ಮನ್ನು ದ್ವೀಪದವರು ಎಂದರು. ನಾಡಿಗೆ ಬೆಳಕು ಕೊಟ್ಟ ನೀರಿನ ಅಂಚಿನಲ್ಲೇ ಕೂತು ಅಲ್ಲಿನ ಎಷ್ಟೋ ಮನೆಗಳು ವರ್ಷಗಟ್ಟಲೆ ಚಿಮಣಿ ಬುಡ್ಡಿಯಲ್ಲಿ ರಾತ್ರಿ ಕಳೆದವು. ಶರಾವತಿ ವಿದ್ಯುದಾಗಾರವೊಂದರ ಯಂತ್ರಗಳ ಒಟ್ಟು ಶಕ್ತಿಯೇ 1,035 ಮೆಗಾವಾಟ್. ಬಹುಕಾಲ ಕರ್ನಾಟಕದ ದೀಪಗಳು ಉರಿದದ್ದು ಮುಖ್ಯವಾಗಿ ಆ ನೀರಿನ ಬಲದಿಂದಲೇ.

ಆ ದ್ವೀಪದವರಿಗೆ ಸರ್ಕಾರ ಕೊಟ್ಟ ದಾರಿ ಲಾಂಚ್.

ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ನಡೆಸುತ್ತಿದ್ದ ಈ ಲಾಂಚುಗಳಿಗೆ ಹಿನ್ನೀರಿನ ಉದ್ದಕ್ಕೂ ಮೂರು ಕಡವುಗಳು ಮುಖ್ಯ. ಒಂದು, ಅಂಬಾರಗೋಡ್ಲಿನ ಹೊಳೆಬಾಗಿಲಿನಿಂದ ಎದುರಿನ ಕಳಸವಳ್ಳಿಗೆ. ಸಿಗಂದೂರಿಗೂ ತುಮರಿಗೂ ಹೋಗುವವರ ದಾರಿ ಅದೇ ಆಗಿತ್ತು. ಎರಡನೆಯದು ಹಸಿರುಮಕ್ಕಿ, ನಿಟ್ಟೂರು ಕೊಲ್ಲೂರುಗಳ ಕಡೆಗೆ. ಮೂರನೆಯದು ಜೋಗಕ್ಕೆ ಹತ್ತಿರ, ಕಾಡಿನೊಳಗಿನ ಮುಪ್ಪಾನೆ. ಹೆಸರುಗಳನ್ನೇ ನೋಡಿ. ಹೊಳೆಬಾಗಿಲು ಅಂದರೆ ಹೊಳೆಗೆ ತೆರೆಯುವ ಬಾಗಿಲು. ಮಕ್ಕಿ ಅಂದರೆ ಮಲೆನಾಡಿನಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಎತ್ತರದ ಗದ್ದೆ. ಮುಳುಗುವ ಮೊದಲು ಈ ನೆಲ ಹೇಗಿತ್ತು ಎಂಬುದನ್ನು ಈ ಹೆಸರುಗಳು ಇನ್ನೂ ಹಿಡಿದುಕೊಂಡಿವೆ.

ಲಾಂಚ್ ಎಂದ ಕೂಡಲೇ ಮುಂಬಯಿಯ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೋಗುವ ದೋಣಿಯನ್ನು ನೆನೆಯಬಾರದು. ಇದು ಚಪ್ಪಟೆ ತಳದ ದೊಡ್ಡ ಕಬ್ಬಿಣದ ತಟ್ಟೆ. ನಡುವೆ ವಾಹನಗಳಿಗೆ ಬಯಲು, ಅಂಚಿನಲ್ಲಿ ಜನ ನಿಲ್ಲಲು ಕಟಾಂಜನ, ಎತ್ತರದಲ್ಲಿ ಚಾಲಕನ ಗೂಡು, ಅಡಿಗೆ ಗುಡುಗುಡು ಅನ್ನುವ ಡೀಸೆಲ್ ಎಂಜಿನ್. ದಂಡೆಗೆ ತಾಗಿದಾಗ ತುದಿಯ ಕಬ್ಬಿಣದ ಹಲಗೆ ಸರಪಳಿಯ ಮೇಲೆ ಕೆಳಗಿಳಿದು ನೆಲಕ್ಕೆ ಕೂರುತ್ತದೆ. ಅದೇ ಸೇತುವೆ, ಅದೇ ಬಾಗಿಲು.

ನಮ್ಮ ಕ್ರೂಸರ್ ಹತ್ತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಸಾಲಿನಲ್ಲಿ ಮುಂದೆ ಒಂದು ಮಿನಿ ಬಸ್ಸು, ಹಿಂದೆ ಗ್ಯಾಸ್ ಸಿಲಿಂಡರಿನ ಪಿಕಪ್ಪು, ನಾಲ್ಕಾರು ಕಾರು, ಬೈಕುಗಳು. ಇಲಾಖೆಯ ಒಬ್ಬಾತ ದಂಡೆಯ ಮೇಲೆ ನಿಂತು ಕೈಸನ್ನೆಯಲ್ಲೇ ಎಲ್ಲವನ್ನೂ ನಡೆಸುತ್ತಿದ್ದ. ಭಾರದ ಗಾಡಿ ನಡುವಿಗೆ, ಹಗುರಾದದ್ದು ಬದಿಗೆ, ಎರಡೂ ಪಕ್ಕದ ತೂಕ ಸಮ ಬರಬೇಕು. ಒಂದು ಕಡೆ ಹೆಚ್ಚಾದರೆ ತಟ್ಟೆ ವಾಲುತ್ತದೆ. ಜನರನ್ನೆಲ್ಲ ಇಳಿಸಿ ಖಾಲಿ ಗಾಡಿಯನ್ನು ಹತ್ತಿಸಿದರು. ಮುಂಗಾಲಿ ಹಲಗೆಗೆ ಬಿದ್ದಾಗ ಇಡೀ ಲಾಂಚು ಒಮ್ಮೆ ಕೆಳಕ್ಕೆ ಕುಕ್ಕಿ ಮೇಲೆದ್ದಿತು. ನಮ್ಮ ಡ್ರೈವರ್ ನಮ್ಮ ಊರಿನ ಎಬಡಾತಬಡಾ ಹಾದಿಯಲ್ಲಿ ಹೆದರದವನು, ಅಲ್ಲಿ ಬೆವತುಬಿಟ್ಟ. ಗಾಡಿ ನಿಂತ ಕೂಡಲೇ ಒಬ್ಬ ಹುಡುಗ ಓಡಿಬಂದು ಗಾಲಿಯ ಹಿಂದೆ ಮರದ ತುಂಡು ಕೊಟ್ಟ. ಗೇರಿನಲ್ಲೇ ಬಿಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ ಅಂದ. ಕಾರು ಕಾರಿನ ನಡುವೆ ಒಂದು ಗೇಣು ಜಾಗ ಬಿಟ್ಟು ಎಲ್ಲವನ್ನೂ ಹೊಂದಿಸಿಟ್ಟಿದ್ದರು. ಅವ್ವ ಅಂಚಿಗೆ ಹೋದಾಗ ಅದೇ ಹುಡುಗ, “ಅಮ್ಮ, ಒಳಗೆ ಬನ್ನಿ, ಅಲ್ಲಿ ನಿಲ್ಬೇಡಿ” ಎಂದು ಕೈಹಿಡಿದು ಕರೆತಂದ.

ಸರಪಳಿ ಮೇಲೆದ್ದಿತು, ಹಗ್ಗ ಬಿಚ್ಚಿದರು, ದಂಡೆ ನಿಧಾನವಾಗಿ ನಮ್ಮಿಂದ ಹಿಂದೆ ಸರಿಯಿತು. ನಮ್ಮವರೆಲ್ಲ ಒಮ್ಮೆಲೇ ಸುಮ್ಮನಾದರು. ನೀರಿನ ಮೇಲೆ ನೆಲ ಹೋಗುತ್ತಿದೆ ಅನ್ನಿಸುವ ಆ ಹದಿನೈದಿಪ್ಪತ್ತು ನಿಮಿಷದಲ್ಲಿ ನಮ್ಮ ಓಣಿಯ ಮಂದಿ ಮಾತಾಡಲೇ ಇಲ್ಲ. ಆ ಊರಿನವರು ಮಾತ್ರ ತಮ್ಮ ಪಾಡಿಗೆ ಅಡಿಕೆ ರೇಟು, ಮದುವೆ, ಸೊಸೈಟಿ ಸಾಲ ಮಾತಾಡುತ್ತಲೇ ಇದ್ದರು. ಶಾಲೆಯ ಮಕ್ಕಳು ಬೈಕಿನ ಸೀಟಿನ ಮೇಲೆ ಪಟ್ಟಿ ಇಟ್ಟುಕೊಂಡು ಬರೆಯುತ್ತಿದ್ದವು. ನಮಗೆ ಅದು ಯಾತ್ರೆ. ಅವರಿಗೆ ಅದು ಬಸ್‌ಸ್ಟ್ಯಾಂಡು, ಸಂತೆ, ಪಂಚಾಯ್ತಿ ಕಟ್ಟೆ ಎಲ್ಲವೂ. ಯಾರ ಮನೆಗೆ ಯಾರು ಬಂದರು, ಯಾರ ಮಗ ಊರು ಬಿಟ್ಟ ಎಂಬುದು ಮೊದಲು ಗೊತ್ತಾಗುತ್ತಿದ್ದುದು ಲಾಂಚಿನಲ್ಲಿಯೇ.

ಲಾಂಚಿನ ಕೆಲಸದಲ್ಲಿ ಒಂದು ದೊಡ್ಡ ತೊಡಕಿದೆ, ಹೊರಗಿನವರಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಹೊಳೆಗೊಂದು ದಂಡೆ ಇರುತ್ತದೆ, ಕಡಲಿಗೆ ಒಂದು ಬಂದರು ಇರುತ್ತದೆ. ಹಿನ್ನೀರಿಗೆ ನಿಂತ ದಂಡೆಯೇ ಇಲ್ಲ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ 1,819 ಅಡಿ. ಯಂತ್ರಗಳಿಗೆ ನೀರು ಬಿಡುತ್ತಾ ಬಿಡುತ್ತಾ ಬೇಸಿಗೆಯ ಕೊನೆಗೆ ಎಪ್ಪತ್ತು ಅಡಿಗೂ ಹೆಚ್ಚು ಇಳಿದದ್ದುಂಟು. ಇಳಿಜಾರಾದ ದಂಡೆಯಲ್ಲಿ ನೀರು ಅಷ್ಟು ಕೆಳಗಿಳಿದರೆ ಅಂಚು ಎಷ್ಟೋ ದೂರ ಹಿಂದಕ್ಕೆ ಸರಿಯುತ್ತದೆ. ಇವತ್ತು ಲಾಂಚು ತಾಗಿದ ಜಾಗ ಮುಂದಿನ ತಿಂಗಳು ಒಣ ನೆಲ. ಲಾಂಚು ನೀರಿನ ಹಿಂದೆ ಕೆಳಗಿಳಿಯಬೇಕು, ಲಾಂಚಿನ ಹಿಂದೆ ದಾರಿಯೂ ಇಳಿಯಬೇಕು. ಮಣ್ಣು ಸಮ ಮಾಡಿ, ಕಲ್ಲು ಹಾಕಿ ಮತ್ತೆ ಮತ್ತೆ ಇಳಿಜಾರು ಕೊಡಬೇಕು. ಅಷ್ಟರಲ್ಲಿ ಮುಳುಗಿದ ಕಾಡಿನ ಒಣ ಬೊಡ್ಡೆಗಳು ನೀರಿನಿಂದ ತಲೆ ಎತ್ತುತ್ತವೆ. ಅರವತ್ತು ವರ್ಷ ನೀರಿನಲ್ಲಿದ್ದೂ ಕೊಳೆಯದ ಮರಗಳು ಅವು. ಎಲ್ಲಿ ಬೊಡ್ಡೆ, ಎಲ್ಲಿ ದಿಬ್ಬ, ಎಲ್ಲಿ ಹಳೆಯ ಹೊಳೆಯ ಆಳದ ಹಾದಿ ಎಂಬುದು ಚಾಲಕನ ತಲೆಯಲ್ಲಿರಬೇಕು. ಮಳೆಗಾಲದ ಗಾಳಿ, ಮಂಜು ಬೇರೆ. 2023ರ ಜೂನ್‌ನಲ್ಲಿ ಮುಂಗಾರು ತಡವಾದಾಗ ನೀರು ಎಷ್ಟು ಇಳಿಯಿತೆಂದರೆ ಹೊಳೆಬಾಗಿಲಿನಲ್ಲಿ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು. ಜನ ಮಾತ್ರ ದಾಟಿದರು. ಮಲೆನಾಡಿನ ನಡುಮಧ್ಯೆ ನೀರಿಲ್ಲದೆ ದಾರಿ ನಿಲ್ಲುವುದೆಂದರೆ ನಮ್ಮ ಜತ್ತದವರಿಗೆ ನಂಬಲಾಗದ ಸುದ್ದಿ.

ಇದಕ್ಕಿಂತ ಕಠಿಣವಾದದ್ದು ರಾತ್ರಿ. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಬಾಗಿಲು ಮುಚ್ಚಿದಂತಾಗುತ್ತಿತ್ತು. ಹೆರಿಗೆ ನೋವು, ಹಾವು ಕಡಿತ, ಎದೆನೋವು ಲಾಂಚಿನ ಹೊತ್ತು ನೋಡಿ ಬರುವುದಿಲ್ಲ. ಅಂಥ ರಾತ್ರಿಗಳಲ್ಲಿ ಈ ದಂಡೆಯಿಂದ ಆ ದಂಡೆಗೆ ಟಾರ್ಚಿನ ಬೆಳಕು ಹಾಯಿಸಿ ಲಾಂಚಿನ ಸಿಬ್ಬಂದಿಯನ್ನು ಎಬ್ಬಿಸಿದ ಕತೆಗಳನ್ನು ಅಲ್ಲಿಯ ಒಂದೊಂದು ಮನೆಯವರೂ ಹೇಳುತ್ತಾರೆ. ಎದ್ದುಬಂದ ಸಿಬ್ಬಂದಿಯನ್ನು ಅವರು ಮರೆತಿಲ್ಲ, ದಾಟಲಾಗದೆ ಹೋದ ಜೀವಗಳನ್ನೂ ಮರೆತಿಲ್ಲ. ಲಾಂಚನ್ನು ನೋಡಿ ಎಷ್ಟು ಚೆಂದ ಅನ್ನುವ ನನ್ನಂಥವರು ಈ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿಯದೆ ಮಾತಾಡಬಾರದು.

ತುಮರಿ ದೊಡ್ಡ ಪೇಟೆಯಲ್ಲ. ಒಂದು ಸರ್ಕಲ್ಲು, ಅಂಗಡಿ ಸಾಲು, ಶಾಲೆ, ಆಸ್ಪತ್ರೆ, ಗದ್ದೆ, ತೋಟ. ಆದರೆ ಕರೂರು ಹೋಬಳಿಗೆಲ್ಲ ಅದೇ ಪೇಟೆ. ಊರಿನ ಗಡಿಯಾರ ಲಾಂಚಿನ ಮೇಲೆಯೇ ನಡೆಯುತ್ತಿತ್ತು. ಸಾಗರದ ಬಸ್ಸು ಹೊಳೆಬಾಗಿಲಿಗೆ ಎಷ್ಟು ಗಂಟೆಗೆ ಬರುತ್ತದೆ, ಲಾಂಚು ಎಷ್ಟು ಹೊತ್ತಿಗೆ ಕಳಸವಳ್ಳಿ ತಾಗುತ್ತದೆ, ಅಲ್ಲಿ ಕಾದ ಜೀಪು ಎಷ್ಟಕ್ಕೆ ಹೊರಡುತ್ತದೆ ಎಂಬ ಲೆಕ್ಕದ ಮೇಲೆ ಅನ್ನ ಬಸಿಯುವ ಹೊತ್ತು, ದನ ಕರೆಯುವ ಹೊತ್ತು ನಿಂತಿತ್ತು. ಈ ನೆಲದ ದೀವರ ಸಮುದಾಯದವರು ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರ ಹೊರಗಿನವರಿಗೂ ಪರಿಚಿತ. ಅಕ್ಕಿಹಿಟ್ಟಿನ ಬಿಳಿ ಗೆರೆಗಳನ್ನು ಪುಂಡಿ ನಾರಿನ ಕುಂಚದಲ್ಲಿ ಕೆಮ್ಮಣ್ಣಿನ ಮೇಲೆ ಎಳೆಯುವ ಆ ಕಲೆಯನ್ನು ನೋಡಿದರೆ ನೆಲ ಮುಳುಗಿದರೂ ಕೈಯ ಹದ ಮುಳುಗಲಿಲ್ಲ ಅನ್ನಿಸುತ್ತದೆ.

ಆಮೇಲೆ ಸಿಗಂದೂರಿನ ಚೌಡಮ್ಮ. ಕಳ್ಳಕಾಕರ ಭಯಕ್ಕೆ ಕಾವಲು ನಿಲ್ಲುವ ತಾಯಿ ಎಂಬ ನಂಬಿಕೆ. ಘಟ್ಟದ ತೋಟ, ಗೋದಾಮುಗಳ ಬಾಗಿಲಲ್ಲಿ “ಸಿಗಂದೂರು ಚೌಡೇಶ್ವರಿ ಅಮ್ಮನ ಕಾವಲಿದೆ” ಎಂಬ ಹಳದಿ ಬೋರ್ಡು ನೀವೂ ನೋಡಿರುತ್ತೀರಿ. ಸಂಕ್ರಾಂತಿಯ ಜಾತ್ರೆಗೆ ಸಾವಿರ ಸಾವಿರ ಜನ. ನಮ್ಮ ಜತ್ತದ ಗುಡ್ಡಾಪುರದ ದಾನಮ್ಮನಿಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಹಾಗೆಯೇ ನಮ್ಮವರು ಕ್ರೂಸರ್ ಮಾಡಿಕೊಂಡು ಚೌಡಮ್ಮನ ಕಡೆ ಹೊರಡುತ್ತಾರೆ. ತಾಯಂದಿರ ದರ್ಶನಕ್ಕೆ ಹೊರಟವರಿಗೆ ರಾಜ್ಯದ ಗಡಿ ಅಡ್ಡ ಬರುವುದಿಲ್ಲ. ಆದರೆ ಭಕ್ತರು ಹೆಚ್ಚಾದಂತೆ ಲಾಂಚಿನ ಸಾಲು ಉದ್ದವಾಯಿತು. ಹಬ್ಬದ ದಿನ ಪೇಟೆಗೆ ಹೋಗಿಬರುವ ಊರಿನವರೇ ಗಂಟೆಗಟ್ಟಲೆ ನಿಲ್ಲಬೇಕಾಯಿತು. ನಾವು ಹೋದ ದಿನ ಆ ಅಜ್ಜ ಹಿಂಡಿ ಚೀಲದ ಮೇಲೆ ಕೂತು ಕಾದದ್ದು ನಮ್ಮಂಥವರ ಗಾಡಿಗಳ ದೆಸೆಯಿಂದ.

ಮುಳುಗಡೆಯ ಈ ನೋವನ್ನು ಕನ್ನಡ ಓದುಗರ ಮನೆಯೊಳಗೆ ತಂದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ನಡುವೆಯೇ ಬದುಕಿದವರು. ಕಾಗದದಲ್ಲಿ ಎಕರೆ ಲೆಕ್ಕವಾಗಿ ಹೋದದ್ದನ್ನು ಅವರು ಮನುಷ್ಯರ ಲೆಕ್ಕಕ್ಕೆ ತಿರುಗಿಸಿ ‘ಮುಳುಗಡೆ’, ‘ದ್ವೀಪ’ ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ನಟಿ ಸೌಂದರ್ಯ ನಿರ್ಮಿಸಿ ನಟಿಸಿದ ಆ ಚಿತ್ರಕ್ಕೆ ಸ್ವರ್ಣಕಮಲ ಬಂತು. ಡಿಸೋಜ ಅವರು ತೀರಿಕೊಂಡದ್ದು 2025ರ ಜನವರಿ 5ರಂದು. ಅದೇ ವರ್ಷ ಜುಲೈನಲ್ಲಿ ದ್ವೀಪಕ್ಕೆ ಸೇತುವೆ ಬಂತು. ಆರು ತಿಂಗಳ ಅಂತರ. ಅವರು ಅದರ ಮೇಲೆ ಒಮ್ಮೆ ನಡೆಯಬೇಕಿತ್ತು ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು, ನಾನು ಮಹಾರಾಷ್ಟ್ರದ ನೆಲದಲ್ಲಿ ಕೂತು ಬರೆಯುತ್ತಿರುವುದರಿಂದ. ಲಿಂಗನಮಕ್ಕಿ ತುಂಬಿದ 1964ರಲ್ಲೇ ನಮ್ಮ ಪಕ್ಕದ ಸಾತಾರಾ ಜಿಲ್ಲೆಯಲ್ಲಿ ಕೊಯ್ನಾ ಅಣೆಕಟ್ಟೂ ಮುಗಿಯಿತು. ಅದೇ ಸಹ್ಯಾದ್ರಿ, ಅದೇ ಮಳೆ, ಅದೇ ವಿದ್ಯುತ್ತಿನ ಆಸೆ. ಅಲ್ಲಿಯೂ ನೂರರಷ್ಟು ಹಳ್ಳಿಗಳು ಶಿವಸಾಗರವೆಂಬ ಹಿನ್ನೀರಿಗೆ ಸಿಕ್ಕವು. ಅಲ್ಲಿಯೂ ಬಾಮಣೋಲಿ, ತಾಪೋಳಾ ಎಂಬ ದಂಡೆಯ ಊರುಗಳಿಂದ ಲಾಂಚುಗಳು ಓಡುತ್ತವೆ. ಆಚೆ ದಂಡೆಯ ಹಳ್ಳಿಗೆ ಸಾಮಾನು, ಜನ, ಬೈಕು. ವಾಸೋಟಾ ಕೋಟೆ ಹತ್ತಲು ಬರುವ ಪುಣೆಯ ಹುಡುಗರು. ಬಾಮಣೋಲಿಯಲ್ಲಿ ಊರಿನವರೇ ಬೋಟ್ ಕ್ಲಬ್ ಕಟ್ಟಿಕೊಂಡಿದ್ದಾರೆ. ಗದ್ದೆ ಕಳೆದುಕೊಂಡವರ ಮಕ್ಕಳು ಆ ಗದ್ದೆಯ ಮೇಲೆಯೇ ಬೋಟು ನಡೆಸಿ ಹೊಟ್ಟೆ ಹೊರೆಯುತ್ತಾರೆ. ಎರಡು ಭಾಷೆಯ ಎರಡು ಹಿನ್ನೀರುಗಳು ಅವಳಿ ಮಕ್ಕಳ ಹಾಗೆ.

ಕೊಯ್ನೆಯ ಕತೆಗೂ ನಮ್ಮ ಟ್ಯಾಂಕರಿಗೂ ನಂಟಿದೆ. ಕೊಯ್ನಾ ಕರಾಡದಲ್ಲಿ ಕೃಷ್ಣೆಯನ್ನು ಸೇರುವ ಹೊಳೆ, ಪೂರ್ವಕ್ಕೆ ನಮ್ಮ ಕಡೆ ಹರಿಯಬೇಕಾದ ನೀರು. ವಿದ್ಯುತ್ತಿಗಾಗಿ ಅದರಲ್ಲಿ ವರ್ಷಕ್ಕೆ 67.5 ಟಿಎಂಸಿಯನ್ನು ಘಟ್ಟದ ಸುರಂಗದಿಂದ ಪಶ್ಚಿಮಕ್ಕೆ ಇಳಿಸಿ, ಚಿಪಳೂಣದ ಕಡೆ ಕಡಲಿಗೆ ಬಿಡಲು ಕೃಷ್ಣೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಒಪ್ಪಿತು. ಕೃಷ್ಣಾ ಕೊಳ್ಳದ ಒಣ ಮೂಲೆಯಲ್ಲಿರುವ ಜತ್ತ ಮಾತ್ರ ಮ್ಹೈಸಾಳ ಏತ ನೀರಾವರಿಯ ನೀರಿಗಾಗಿ ತಲೆಮಾರುಗಟ್ಟಲೆ ಕಾದಿತು. ಇನ್ನೂ ಪೂರ್ವಭಾಗದ ಹಳ್ಳಿಗಳು ಕಾಯುತ್ತಿವೆ. 2022ರ ಕೊನೆಯಲ್ಲಿ ಗಡಿ ವಿವಾದ ಕಾವೇರಿದ್ದಾಗ ಕರ್ನಾಟಕದ ತುಬಚಿ–ಬಬಲೇಶ್ವರ ಯೋಜನೆಯ ನೀರು ನಮ್ಮ ತಿಕೋಂಡಿ ಕೆರೆಗೆ ಹರಿದುಬಂತು. ದಂಡೆಯ ಮೇಲೆ ನಿಂತು ನೋಡಿದವರಿಗೆ ಅದು ಯಾವ ರಾಜ್ಯದ ನೀರು ಎಂಬುದು ಎರಡನೆಯ ಮಾತು. ನೀರು ಹೋದ ಊರಿನವರೂ ನೀರಡಿ ಹೋದ ಊರಿನವರೂ ಒಂದೇ ಲೆಕ್ಕದ ಎರಡು ಕಡೆಯವರು ಎಂದು ನನಗೆ ಹೊಳೆದದ್ದು ಹೊಳೆಬಾಗಿಲಿನಲ್ಲಿ. ಅದಕ್ಕೇ ಅವ್ವನ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಸೇತುವೆಗಾಗಿ ದ್ವೀಪದವರು ದಶಕಗಟ್ಟಲೆ ಕೇಳಿದರು. 2018ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್. ನಡುವಿನ ಭಾಗ ದಪ್ಪ ಕೇಬಲ್‌ಗಳ ಮೇಲೆ ತೂಗಿ ನಿಂತಿದೆ. ಖರ್ಚು ನಾನೂರು ಕೋಟಿ ರೂಪಾಯಿಗೂ ಹೆಚ್ಚು. ಅದಕ್ಕೆ ಸಿಗಂದೂರು ಚೌಡೇಶ್ವರಿಯ ಹೆಸರೇ ಇಟ್ಟರು. ಹೊಳೆಬಾಗಿಲಿನ ಲಾಂಚು ನಿಂತಿತು. ಹಸಿರುಮಕ್ಕಿಯಲ್ಲಿ ಸೇತುವೆ ಕೆಲಸ ಇನ್ನೂ ನಡೆದಿತ್ತು. ಅಲ್ಲಿಯವರಿಗೆ ಆಗಲೂ ಲಾಂಚೇ ದಾರಿಯಾಗಿತ್ತು.

ಸೇತುವೆ ಬಂದದ್ದು ಸರಿ. ಅರವತ್ತು ವರ್ಷ ತಡವಾಗಿ ಬಂದದ್ದು ತಪ್ಪು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಆದರೆ ಲಾಂಚನ್ನು ಗುಜರಿಗೆ ಹಾಕುವುದೋ ಮೇಲೊಂದು ಹೋಟೆಲು ಮಾಡುವುದೋ ಎಂಬ ಮಾತು ಕೇಳಿದಾಗ ಮನಸ್ಸು ಒಪ್ಪುವುದಿಲ್ಲ. ಒಂದು ಲಾಂಚನ್ನಾದರೂ ಅದೇ ದಂಡೆಯಲ್ಲಿ ಎತ್ತಿ ನಿಲ್ಲಿಸಬೇಕು. ಅದರ ಕಬ್ಬಿಣದ ಗೋಡೆಗೆ ಮುಳುಗಿದ ಊರುಗಳ ಹೆಸರನ್ನು ಒಂದೂ ಬಿಡದೆ ಬರೆಯಬೇಕು, ಕರೂರು ಬಾರಂಗಿಯ ಹೆಣ್ಣುಮಕ್ಕಳ ಚಿತ್ತಾರದ ಗೆರೆಗಳೊಡನೆ. ಆ ಲಾಂಚು ನಡೆಸಿದವರ, ಹಗ್ಗ ಹಿಡಿದವರ, ರಾತ್ರಿ ಎದ್ದುಬಂದವರ ಹೆಸರುಗಳೂ ಅಲ್ಲಿರಬೇಕು. ಸೇತುವೆಯ ಮೇಲೆ ನಾಲ್ಕು ನಿಮಿಷದಲ್ಲಿ ದಾಟುವ ನಮ್ಮ ಮಕ್ಕಳು ಒಮ್ಮೆ ಕೆಳಗಿಳಿದು ಅದನ್ನು ಓದಲಿ.

ಸೇತುವೆ ಆದ ಮೇಲೆ ಅವ್ವನನ್ನು ಮತ್ತೆ ಕರೆದುಕೊಂಡು ಹೋದೆ. ಮಳೆಗಾಲ ಮುಗಿಯುತ್ತಿದ್ದ ಹೊತ್ತು, ಹಿನ್ನೀರು ತುಂಬಿ ತುಳುಕುತ್ತಿತ್ತು. ಅವಳಿಗೆ ಈಗ ಮೊಣಕಾಲು ನೋವು, ಕಣ್ಣೂ ಸ್ವಲ್ಪ ಮಂಜು. ಗಾಡಿ ಸೇತುವೆ ಏರಿತು, ಕೇಬಲ್ಲುಗಳು ಒಂದೊಂದಾಗಿ ಹಿಂದೆ ಹೋದವು, ಆಚೆ ದಂಡೆ ಬಂತು. ಅವ್ವ ಕೇಳಿದಳು: “ನೀರು ಎಲ್ಲಿ ಹೋತು?” ಈಗಷ್ಟೇ ದಾಟಿದೆವು ಅಂದೆ. “ದಾಟಿದ್ದ ಗೊತ್ತಾಗ್ಲಿಲ್ಲಲ್ಲೋ” ಅಂದಳು.

ಹಿಂದಿನ ಸಲ ಲಾಂಚಿನಿಂದ ಇಳಿಯುವಾಗ ಅವಳು ತಂಬಿಗೆಯಲ್ಲಿ ಆ ನೀರು ತುಂಬಿಕೊಂಡು ಬಂದಿದ್ದಳು. ಎಲ್ಲರೂ ದೇವರ ತೀರ್ಥ ಅಂದುಕೊಂಡೆವು. ಊರಿಗೆ ಬಂದವಳೇ ಹಿತ್ತಲಿಗೆ ಹೋಗಿ, ಬತ್ತಿದ ನಮ್ಮ ಬಾವಿಯ ಕಟ್ಟೆ ಹತ್ತಿ, ಅಷ್ಟನ್ನೂ ಒಳಗೆ ಸುರಿದಳು. ಯಾಕವ್ವಾ ಅಂದರೆ, “ನೀರಿಗೆ ನೀರಿನ ದಾರಿ ಗೊತ್ತಾಗ್ಲಿ ಅಂತ” ಅಂದಿದ್ದಳು.

ದರ್ಶನ ಮುಗಿಸಿ ತಿರುಗಿ ಬರುವಾಗ ಗಾಡಿಯನ್ನು ಹೊಳೆಬಾಗಿಲಿನ ಹಳೆಯ ದಾರಿಗೆ ಇಳಿಸಲು ಹೇಳಿದಳು. ಸಾಲಿನಲ್ಲಿ ಗಾಡಿಗಳು ನಿಲ್ಲುತ್ತಿದ್ದ ಜಾಗದಲ್ಲಿ ಹುಲ್ಲು ಎದ್ದಿತ್ತು. ಒಂದು ಚಹಾ ಅಂಗಡಿಯ ಬಾಗಿಲಿಗೆ ಹಲಗೆ ಬಡಿದಿದ್ದರು. ಇಳಿಜಾರು ದಾರಿ ಹಾಗೆಯೇ ಹೋಗಿ ನೀರಿನೊಳಗೆ ಇಳಿದುಬಿಟ್ಟಿತ್ತು. ತಲೆಯ ಮೇಲೆ ಎತ್ತರದಲ್ಲಿ ಸೇತುವೆಯ ಮೇಲೆ ಬಸ್ಸೊಂದು ಹಾರ್ನ್ ಮಾಡುತ್ತಾ ತುಮರಿಯ ಕಡೆ ಹೋಯಿತು. ಅವ್ವ ನನ್ನ ಹೆಗಲು ಹಿಡಿದು ಮೆಲ್ಲಗೆ ನೀರಿನ ಅಂಚಿಗೆ ಕೂತಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬ್ಯಾಗಿನಿಂದ ಬಿಸ್ಲೇರಿಯ ಖಾಲಿ ಬಾಟಲಿ ತೆಗೆದು, ಬಾಯಿ ಒಳಗೆ ಅದ್ದಿ ಹಿಡಿದಳು. ಗುಳುಗುಳು ಅಂತ ಗುಳ್ಳೆ ಎದ್ದವು. ಬಾಟಲಿ ತುಂಬಿದ ಮೇಲೂ ಸ್ವಲ್ಪ ಹೊತ್ತು ಕೈ ನೀರಿನಲ್ಲೇ ಇಟ್ಟುಕೊಂಡಿದ್ದಳು.